‘ಇದೆ’ ಮತ್ತು ‘ಇರಲಿ’: ಇಂಗ್ಲಿಷಿನ ಸಬ್ಜಂಕ್ಟಿವ್ ಕುರಿತು

ನಾನು ಓದಿದ್ದು ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ. ‘ಇಫ್ ಐ ವರ್ ಯು’ ಪಾಠ ಬಂದಾಗ, ‘ಐ’ಗೆ ‘ವಾಸ್’ ಅಲ್ವಾ ಬರಬೇಕು ಅಂತ ಕೇಳಿದ್ದೆ. ‘ಅದು ಹಾಗೇ, ಬಾಯಿಪಾಠ ಮಾಡು’ ಎಂಬ ಉತ್ತರ ಸಿಕ್ಕಿತು. ಎಂ.ಎ.ಗೆ ಬಂದ ಮೇಲೆ ‘ಸಬ್ಜಂಕ್ಟಿವ್ ಅಂದ್ರೆ ನಮ್ಮ ಸಂಭಾವನಾರ್ಥಕ’ ಎಂದು ನೋಟ್ಸಿನಲ್ಲಿ ಬರೆದುಕೊಂಡೆ. ಈ ಸಮೀಕರಣ ತಪ್ಪು ಎಂಬುದು ನನ್ನ ಇವತ್ತಿನ ವಾದ.

ಸಂಭಾವನಾರ್ಥಕದಲ್ಲಿ ‘ಅವನು ಬಂದಾನು’, ‘ಮಳೆ ಸುರಿದೀತು’ ಅನ್ನುತ್ತೇವೆ. ಆಗಬಹುದು, ಖಚಿತವಿಲ್ಲ ಎಂದರ್ಥ. ಇಂಗ್ಲಿಷ್ ಈ ಕೆಲಸವನ್ನು ‘ಮೇ’, ‘ಮೈಟ್’ಗಳಿಗೆ ವಹಿಸಿದೆ. ಕ್ವರ್ಕ್ ಮತ್ತು ಸಂಗಡಿಗರ 1985ರ ವ್ಯಾಕರಣವು ಸಬ್ಜಂಕ್ಟಿವ್‌ನಲ್ಲಿ ಮೂರು ಬಗೆ ಗುರುತಿಸುತ್ತದೆ: ಒತ್ತಾಯ, ಶಿಫಾರಸುಗಳ ನಂತರ ಬರುವ ರೂಪ, ‘ಗಾಡ್ ಸೇವ್ ದ ಕಿಂಗ್’ನಂಥ ರೂಢಿಯ ಮಾತು, ಮತ್ತು ‘ವರ್’. ರೂಢಿಯ ಮಾತಿಗೆ ಕನ್ನಡದಲ್ಲಿ ಹೊಂದುವುದು ವಿಧ್ಯರ್ಥಕವೇ: ದೇವರು ಅರಸನನ್ನು ಕಾಪಾಡಲಿ.

‘ವರ್’ ಕತೆ ಬೇರೆ. ಹಡಲ್‌ಸ್ಟನ್ ಮತ್ತು ಪುಲ್ಲಮ್ ಅವರ 2002ರ ಕೇಂಬ್ರಿಜ್ ವ್ಯಾಕರಣ ಇದನ್ನು ಸಬ್ಜಂಕ್ಟಿವ್ ಎನ್ನದೆ ‘ಇರಿಯಾಲಿಸ್’ ಎಂದು ಬೇರ್ಪಡಿಸುತ್ತದೆ. ನನಗೆ ಇದೇ ಸರಿ ಅನ್ಸುತ್ತೆ. ಕನ್ನಡದ ಈ ಜೋಡಿ ನೋಡಿ: ‘ಅವಳಿದ್ದರೆ ಹೇಳುತ್ತಾಳೆ’, ‘ಅವಳಿದ್ದರೆ ಹೇಳುತ್ತಿದ್ದಳು’. ‘ಇದ್ದರೆ’ ಬದಲಾಗಿಲ್ಲ. ಹಿಂದಿನ ರೂಢಿಯನ್ನು ಹೇಳುವ ಅರ್ಥ ಬಿಟ್ಟರೆ, ಎರಡನೆಯದನ್ನು ಕೇಳಿದ ಕೂಡಲೇ ಅವಳು ಇಲ್ಲಿಲ್ಲ ಅಂತ ಗೊತ್ತಾಗುತ್ತದೆ. ಅಂದರೆ ಭೂತಕಾಲದ ರೂಪವೇ ಇಲ್ಲಿ ‘ನಿಜವಲ್ಲ’ ಎನ್ನುವ ಕೆಲಸ ಮಾಡುತ್ತಿದೆ. ಇಂಗ್ಲಿಷಿನ ‘ವರ್’ ಮಾಡುವುದೂ ಅದನ್ನೇ. ನನ್ನ ಶಾಲೆಯ ಪ್ರಶ್ನೆಗೆ ಕನ್ನಡದಲ್ಲೇ ಉತ್ತರ ಇತ್ತು.

ಉಳಿದದ್ದು ಒತ್ತಾಯದ ರೂಪ. ಸಬ್ಜಂಕ್ಟಿವ್ ಸಾಯುತ್ತಿದೆ ಎಂಬ ಮಾತು ಹಳೆಯದು. 1926ರ ಫೌಲರ್ ಕೋಶದ ಧಾಟಿಯೂ ಬಹುಮಟ್ಟಿಗೆ ಅದೇ. ಆದರೆ ಅಮೆರಿಕನ್ ಇಂಗ್ಲಿಷಿನಲ್ಲಿ ಈ ರೂಪ ಗಟ್ಟಿಯಾಗಿಯೇ ಇದೆ. ಬ್ರಿಟಿಷರು ಅದೇ ಜಾಗದಲ್ಲಿ ‘ಶುಡ್’ ಹೆಚ್ಚು ಬಳಸುತ್ತಾರೆ.

ಇದು ಬರೀ ವ್ಯಾಕರಣದ ಜಗಳ ಅಲ್ಲ. ಗಡಿಯಾಚೆಯ ನಾವು ಎಷ್ಟೋ ಮನವಿಗಳನ್ನು ಇಂಗ್ಲಿಷಿನಲ್ಲಿ ಬರೆಯುತ್ತೇವೆ. ‘ವಿ ಇನ್ಸಿಸ್ಟ್ ದ್ಯಾಟ್ ದ ನೋಟಿಸ್ ಬಿ ಇನ್ ಕನ್ನಡ’ ಎಂದರೆ ನೋಟಿಸು ಕನ್ನಡದಲ್ಲಿರಬೇಕು ಎಂಬ ಹಕ್ಕೊತ್ತಾಯ. ‘ಬಿ’ ಬದಲು ‘ಈಸ್’ ಹಾಕಿದರೆ, ನೋಟಿಸು ಈಗಾಗಲೇ ಕನ್ನಡದಲ್ಲೇ ಇದೆ ಅಂತ ನಾವು ವಾದಿಸುತ್ತಿದ್ದೇವೆ ಎಂದೂ ಓದಬಹುದು. ಬ್ರಿಟಿಷ್ ಬಳಕೆಯಲ್ಲಿ ‘ಈಸ್’ ಕೂಡ ಒತ್ತಾಯವಾಗಬಲ್ಲದು, ನಿಜ. ಆದರೆ ಮನವಿಯಲ್ಲಿ ಎರಡರ್ಥಕ್ಕೆ ಯಾಕೆ ಎಡೆ ಕೊಡಬೇಕು?

ಅನುವಾದಕರಿಗೆ ಇನ್ನೊಂದು ತೊಡಕಿದೆ. ಇಂಗ್ಲಿಷಿನ ‘ಬಿ’ಗೆ ಸ್ವಂತ ಬಲವಿಲ್ಲ; ಅದು ‘ಇನ್ಸಿಸ್ಟ್’ ಅಥವಾ ‘ಸಜೆಸ್ಟ್’ನಿಂದ ಬರುತ್ತದೆ. ಕನ್ನಡದಲ್ಲಿ ನಾವೇ ಆರಿಸಬೇಕು. ‘ಕನ್ನಡದಲ್ಲಿರಲಿ’ ಎಂದರೆ ಆಶಯ, ‘ಕನ್ನಡದಲ್ಲಿರಬೇಕು’ ಎಂದರೆ ಹಕ್ಕು. ಹಾಗಾಗಿ ಎಲ್ಲ ಕಡೆ ‘ಅಲಿ’ ಹಾಕಿ ಮುಗಿಸೋದೂ ಸರಿಯಲ್ಲ. ಇಲ್ಲಿಗೆ ನಿಲ್ಲಿಸ್ತೇನೆ. ಹೊಸೂರು, ಸೊಲ್ಲಾಪುರ ಕಡೆಯವರು ಇಂಥ ಮನವಿಗಳಲ್ಲಿ ಏನು ಬರೀತೀರಿ ಅಂತ ಚರ್ಚೆಯಲ್ಲಿ ಹೇಳಿ.