ಅಗಲವೆಂಬ ಆಡಂಬರ

ದೂರಪ್ರಯಾಣದ ಬೈಕಿಗೆ ಸವೆದ ಟೈರಿನ ಬದಲು ಯಾವ ಕಂಪನಿಯದನ್ನು ಹಾಕಿಸಬೇಕೆಂಬ ಚರ್ಚೆಗೆ ಈ ವಾರದ ಅಂಕಣ ಮೀಸಲಾಗಿತ್ತಾದರೂ, ಅಂಗಡಿಗಳಲ್ಲಿ ಮಾತು ಸದಾ ಅಗಲದ ಸುತ್ತಲೇ ಗಿರಕಿ ಹೊಡೆಯುವುದರಿಂದ ಆ ಹಳೆಯ ತಕರಾರನ್ನು ಮೊದಲು ಇತ್ಯರ್ಥಪಡಿಸುವುದು ಸೂಕ್ತ.

ಹಿಂದಿನ ಚಕ್ರಕ್ಕೆ ಮೂಲ ಅಳತೆಗಿಂತ ದಪ್ಪ ಟೈರ್ ಹಾಕಿಸಿದರೆ ಹಿಡಿತ ಹೆಚ್ಚುತ್ತದೆ ಎಂಬುದು ಒಂದು ಪಂಥದ ಅಚಲ ನಂಬಿಕೆ. ಆದರೆ ರಿಮ್ಮಿನ ಅಗಲ ಇದ್ದಷ್ಟೇ ಇರುವಾಗ ಟೈರಿನ ಅಂಚುಗಳು ಒಳಕ್ಕೆ ಒತ್ತಿಕೊಂಡು ಮೇಲ್ಮೈ ಉದ್ದೇಶಿತ ಆಕಾರಕ್ಕಿಂತ ಹೆಚ್ಚು ಗುಂಡಗಾಗುವುದರಿಂದ, ಹಣ ತೆತ್ತು ತಂದ ಅಗಲ ಪೂರ್ತಿಯಾಗಿ ರಸ್ತೆಗೆ ತಾಗುವುದಿಲ್ಲ. ಮೇಲಾಗಿ ಚಕ್ರದ ತೂಕ ಹೆಚ್ಚಿ, ತಿರುವುಗಳಲ್ಲಿ ಬೈಕ್ ವಾಲಿಸುವುದು ಶ್ರಮವಾಗುತ್ತದೆ. ಬಿಡಿಬಿಡಿ ರಬ್ಬರ್ ಗುಬಟುಗಳುಳ್ಳ 'ಬಟನ್ ಟೈರ್' ಕೆಸರಿನಲ್ಲಿ ನೆಲ ಕಚ್ಚಿ ಹಿಡಿಯುತ್ತದೆ ನಿಜ; ಆದರೆ ಚಾರ್ಮಾಡಿ ಘಾಟಿಯ ಒದ್ದೆ ಡಾಂಬರಿನ ಮೇಲೆ ನೆಲಕ್ಕೆ ತಾಗುವ ರಬ್ಬರೇ ಕಡಿಮೆಯಾಗುವುದರಿಂದ ಅದರಿಂದ ಅನುಕೂಲಕ್ಕಿಂತ ಅಪಾಯವೇ ಹೆಚ್ಚು.

ರಾಬರ್ಟ್ ಪಿರ್ಸಿಗ್ 1974ರಲ್ಲಿ ಪ್ರಕಟಿಸಿದ 'ಝೆನ್ ಅಂಡ್ ದಿ ಆರ್ಟ್ ಆಫ್ ಮೋಟರ್‌ಸೈಕಲ್ ಮೇಂಟೆನೆನ್ಸ್' ಕೃತಿಯಲ್ಲಿ, ಕೆಲಸಕ್ಕಿಂತ ತೋರಿಕೆಗೇ ಬೆಲೆ ಕೊಡುವ ಈ ಮನೋಧರ್ಮದ ನಿಖರ ಚಿತ್ರಣವಿದೆ. ಸಹಪ್ರಯಾಣಿಕ ಜಾನ್‌ನ ಬಿಎಂಡಬ್ಲ್ಯು ಬೈಕಿನ ಹ್ಯಾಂಡಲ್ ಸಡಿಲವಾದಾಗ, ಸಂದಿಗೆ ಬಿಯರ್ ಡಬ್ಬಿಯಿಂದ ಕತ್ತರಿಸಿದ ತಗಡಿನ ಚೂರು ಸೇರಿಸಿದರೆ ಸಾಕೆಂದು ನಿರೂಪಕ ಸೂಚಿಸುತ್ತಾನೆ. ಜಾನ್‌ಗೆ ಅದು ಅವಮಾನವೆನಿಸುತ್ತದೆ. ತಗಡು ಮಾಡುವ ಕೆಲಸ ಒಬ್ಬನಿಗೆ ಕಂಡರೆ, ಮತ್ತೊಬ್ಬನಿಗೆ ಅದರ ಹುಟ್ಟು ಮಾತ್ರ ಕಾಣುತ್ತದೆ. ದಪ್ಪ ಟೈರಿನ ಪಂಥ ಜಾನ್‌ನ ವಂಶಕ್ಕೆ ಸೇರಿದ್ದು.

ಟೈರಿನ ನಿಜವಾದ ಗುಣ ಅದರ ಪಕ್ಕದಲ್ಲಿ ಅಚ್ಚಾಗಿರುತ್ತದೆ. '120/90-17 64ಎಸ್' ಎಂದಿದ್ದರೆ ಅಗಲ 120 ಮಿ.ಮೀ., ಪಕ್ಕದ ಎತ್ತರ ಅಗಲದ ಶೇ. 90, ರಿಮ್ಮಿನ ವ್ಯಾಸ 17 ಅಂಗುಲ, '64'ರ ಸಂಕೇತದಂತೆ ಹೊರಬಲ್ಲ ಭಾರ 280 ಕೆ.ಜಿ., 'ಎಸ್' ಸಂಕೇತದಂತೆ ತಾಳಬಲ್ಲ ವೇಗ ಗಂಟೆಗೆ 180 ಕಿ.ಮೀ. ಎಂದರ್ಥ. ಹಿಂಬದಿ ಸವಾರರನ್ನೂ ಸಾಮಾನಿನ ಪೆಟ್ಟಿಗೆಗಳನ್ನೂ ಹೊರುವ ಬೈಕಿಗೆ ಇವುಗಳಲ್ಲಿ ಭಾರದ ಅಂಕಿಯೇ ಮುಖ್ಯ. 'ಡಾಟ್' ಗುರುತಿನ ಕೊನೆಯ ನಾಲ್ಕು ಅಂಕಿಗಳು ತಯಾರಿಕೆಯ ವಾರ ಮತ್ತು ವರ್ಷವನ್ನು ಹೇಳುತ್ತವೆ: 2324 ಎಂದರೆ 2024ರ 23ನೇ ವಾರ. ಹೆದ್ದಾರಿಯಲ್ಲಿ ನೆಟ್ಟಗೆ ಓಡುವ ಟೈರ್ ನಡುವೆಯೇ ಬೇಗ ಸವೆದು ಚಪ್ಪಟೆಯಾಗುವುದರಿಂದ, ನಡುವೆ ಗಟ್ಟಿ, ಅಂಚಿನಲ್ಲಿ ಮೆದು ರಬ್ಬರ್ ಬಳಸಿದ ಟೈರ್ ದೂರ ಪ್ರಯಾಣಕ್ಕೆ ಹೆಚ್ಚು ಹೊಂದುತ್ತದೆ.

ಆದ್ದರಿಂದ ಓದುಗರು ಬೈಕಿನ ಕೈಪಿಡಿಯಲ್ಲಿರುವ ಅಳತೆಯನ್ನೇ ಕೇಳಿ ಪಡೆಯಲಿ, ತಯಾರಿಕೆಯ ವಾರವನ್ನು ಓದಿಯೇ ಹಣ ಎಣಿಸಲಿ, ಗಾಳಿಯ ಒತ್ತಡವನ್ನು ಟೈರ್ ತಣ್ಣಗಿರುವಾಗಲೇ ನೋಡಲಿ.