ಎಪಿಡಾರಸ್‌ನ ಪಿಸುಮಾತು: ಕೇಳಿದ್ದೆಷ್ಟು, ನಂಬಿದ್ದೆಷ್ಟು?

ಗ್ರೀಸ್ ದೇಶದ ಎಪಿಡಾರಸ್ ರಂಗಮಂದಿರವನ್ನು ಕುರಿತ ಬರಹಗಳಲ್ಲಿ ಒಂದು ನಾಣ್ಯ ಬಿದ್ದೇ ಬೀಳುತ್ತದೆ. ಮಾರ್ಗದರ್ಶಿಯೊಬ್ಬ ವೃತ್ತಾಕಾರದ ಅಂಗಳದ ನಡುವೆ ನಿಂತು ನಾಣ್ಯ ಬೀಳಿಸುತ್ತಾನೆ, ಬೆಂಕಿಕಡ್ಡಿ ಗೀರುತ್ತಾನೆ, ಪಿಸುಗುಟ್ಟುತ್ತಾನೆ. ಕಟ್ಟಕಡೆಯ ಸಾಲಿನಲ್ಲಿ ಕುಳಿತವರಿಗೂ ಅದು ಸ್ಪಷ್ಟವಾಗಿ ಕೇಳಿಸುತ್ತದೆಂಬುದು ಪ್ರತೀತಿ. ಇದನ್ನು ಒಪ್ಪುವ ಮೊದಲು ಒಂದು ಚಿಕ್ಕ ಲೆಕ್ಕ ಮಾಡಿ ನೋಡೋಣ.

ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಶಬ್ದದ ಮಟ್ಟ 6 ಡೆಸಿಬೆಲ್‌ನಷ್ಟು ಇಳಿಯುತ್ತದೆ. ಎಪಿಡಾರಸ್‌ನ ತುತ್ತತುದಿಯ ಸಾಲು ಅಂಗಳದ ಕೇಂದ್ರದಿಂದ ಸುಮಾರು 60 ಮೀಟರ್ ದೂರದಲ್ಲಿದೆ. ಅಂದರೆ 1 ಮೀಟರ್ ದೂರದಲ್ಲಿ ಇದ್ದ ಮಟ್ಟ ಅಲ್ಲಿಗೆ ತಲಪುವಷ್ಟರಲ್ಲಿ ಸುಮಾರು 36 ಡೆಸಿಬೆಲ್ ಕುಗ್ಗಿರುತ್ತದೆ. ಪಿಸುಮಾತಿನ ಮಟ್ಟ ಸುಮಾರು 30ರಿಂದ 35 ಡೆಸಿಬೆಲ್ ಅಷ್ಟೆ. ಕೊನೆಯ ಸಾಲಿನಲ್ಲಿ ಉಳಿದದ್ದು ಶ್ರವಣದ ಕನಿಷ್ಠ ಮಿತಿ. ಅಂಗಳದ ನೆಲದಿಂದ ಬರುವ ಪ್ರತಿಫಲನ ಮೂರು ಡೆಸಿಬೆಲ್ ಸೇರಿಸಿದರೂ ಸುತ್ತಲಿನ ಮರಗಳ ಎಲೆಗಳ ಸಪ್ಪಳ ಅದನ್ನು ನುಂಗಿಬಿಡುತ್ತದೆ. ಸಾಮಾನ್ಯ ಮಾತು 60 ಡೆಸಿಬೆಲ್ ಎಂದುಕೊಂಡರೆ ಉಳಿಯುವುದು 24. ದನಿಯೆತ್ತಿ ಮಾತನಾಡಲು ಪಳಗಿದ ನಟ 80ರವರೆಗೆ ಏರಿದರೆ 44 ಉಳಿಯುತ್ತದೆ. ನಾಟಕಕ್ಕೆ ಇದು ಸಾಕು.

2017ರಲ್ಲಿ ನೆದರ್ಲೆಂಡ್ಸ್‌ನ ಐಂಡ್‌ಹೋವನ್ ತಂತ್ರಜ್ಞಾನ ವಿಶ್ವವಿದ್ಯಾಲಯದ ತಂಡವೊಂದು ಪ್ರಕಟಿಸಿದ ಅಳತೆಗಳೂ ಇದನ್ನೇ ಹೇಳಿದವು. ನಾಣ್ಯದ ಸದ್ದು ಎಲ್ಲೆಡೆ ಗಮನಕ್ಕೆ ಬರಬಹುದು. ಆದರೆ ಅದು ನಾಣ್ಯದ್ದೇ ಎಂದು ಗುರುತು ಹಿಡಿಯಲಾಗುವುದು ಅರ್ಧ ಎತ್ತರದವರೆಗೆ ಮಾತ್ರ. ಪಿಸುಮಾತು ಅರ್ಥವಾಗುವುದು ಮುಂದಿನ ಸಾಲುಗಳವರಿಗಷ್ಟೇ.

ಹಾಗಾದರೆ ಈ ರಂಗಮಂದಿರದಲ್ಲಿ ವಿಶೇಷವೇನೂ ಇಲ್ಲವೆ? ಇದೆ, ಆದರೆ ಹೊಗಳಿಕೆ ತಪ್ಪು ಜಾಗಕ್ಕೆ ಬಿದ್ದಿದೆ. ಕ್ರಿ.ಪೂ. 4ನೇ ಶತಮಾನದಲ್ಲಿ ಆರಂಭವಾದ ಇದರಲ್ಲಿ ಕೆಳಗೆ 34, ಮೇಲೆ 21 ಸಾಲುಗಳಿವೆ. ಮೇಲಿನ ಭಾಗ ಅನಂತರದ ಸೇರ್ಪಡೆ ಎಂಬ ಅಭಿಪ್ರಾಯವುಂಟು. ಸುಮಾರು 26 ಡಿಗ್ರಿ ಇಳಿಜಾರು. ಸಮತಟ್ಟಾದ ನೆಲದ ಮೇಲೆ ಶಬ್ದ ಮುಂದಿನವರ ತಲೆಗಳನ್ನು ಸವರಿಕೊಂಡು ಹೋಗುತ್ತಾ ಕ್ಷೀಣಿಸುತ್ತದೆ. ಇಳಿಜಾರಿನಲ್ಲಿ ನಟನ ಬಾಯಿಗೂ ಪ್ರತಿಯೊಬ್ಬರ ಕಿವಿಗೂ ನಡುವೆ ಅಡ್ಡಿಯಿಲ್ಲದ ನೇರ ದಾರಿ ಇರುತ್ತದೆ. ಕೆಳಗಿನ ಮೆಟ್ಟಿಲಿನಿಂದ ಮೇಲಿನ ಮೆಟ್ಟಿಲಿಗೆ ಎಳೆದ ದಾರ ಎಲ್ಲ ಅಂಚುಗಳನ್ನೂ ಮುಟ್ಟಬೇಕು ಎಂದು ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ವಿಧಿಸಿದ್ದರ ಮರ್ಮ ಇದೇ. ಜೊತೆಗೆ ಚಾವಣಿಯಿಲ್ಲ, ಅನುರಣನ ಅತ್ಯಲ್ಪ, ಒಂದು ಅಕ್ಷರದ ಬಾಲ ಮುಂದಿನ ಅಕ್ಷರವನ್ನು ಮಸುಕಾಗಿಸುವುದಿಲ್ಲ. ಎಪಿಡಾರಸ್‌ನ ಗುಣ ಸ್ಪಷ್ಟತೆ, ವರ್ಧನೆಯಲ್ಲ.

2007ರಲ್ಲಿ ನಿಕೊ ಡೆಕ್ಲರ್ಕ್ ಮತ್ತು ಸಿಂಡಿ ಡೆಕೈಸರ್ ಇನ್ನೊಂದು ಕಾರಣ ಮುಂದಿಟ್ಟರು. ಮೆಟ್ಟಿಲುಗಳ ಏರಿಳಿತ ಸೋಸುಕದಂತೆ ವರ್ತಿಸಿ ಸುಮಾರು 500 ಹರ್ಟ್ಸ್‌ಗಿಂತ ಕೆಳಗಿನ ಗದ್ದಲವನ್ನು ಕುಗ್ಗಿಸುತ್ತದೆ, ಮಾತಿನಲ್ಲಿ ಕಳೆದುಹೋದ ತಗ್ಗಿನ ಸ್ವರವನ್ನು ಮಿದುಳೇ ತುಂಬಿಕೊಳ್ಳುತ್ತದೆ ಎಂದು. ಸೊಗಸಾದ ವಾದ. ಆದರೆ ಅದು ಗಣಿತದ ಮಾದರಿ ಎಂಬುದನ್ನು ಸುದ್ದಿಯ ಭರಾಟೆಯಲ್ಲಿ ಹಲವರು ಮರೆತರು. ಆ ಪ್ರಬಂಧದ ಶೀರ್ಷಿಕೆಯಲ್ಲೇ ಎಪಿಡಾರಸ್ 'ಆಂಫಿಥಿಯೇಟರ್' ಆಗಿದೆ! ಆಂಫಿಥಿಯೇಟರ್ ಎಂದರೆ ರೋಮ್‌ನ ಕೊಲೋಸಿಯಂನಂತೆ ಸುತ್ತಲೂ ಆಸನಗಳಿರುವ ಅಂಡಾಕಾರದ ಕಟ್ಟಡ. 188 ಮೀಟರ್ ಉದ್ದ, 156 ಮೀಟರ್ ಅಗಲದ ಅದನ್ನು ಕಟ್ಟಿದ್ದು ಕಾಳಗ ನೋಡಲು. ಅಲ್ಲಿ ನಡುವೆ ನಿಂತು ಮಾತಾಡಿದವನು ಅರ್ಧ ಜನಕ್ಕೆ ಬೆನ್ನು ತೋರಿಸಬೇಕು. ವ್ಯಂಜನಗಳನ್ನು ಹೊರುವ ಹೆಚ್ಚಿನ ಆವರ್ತಾಂಕಗಳು ಬೆನ್ನ ಹಿಂದೆ ಸರಿಯಾಗಿ ಹೋಗುವುದಿಲ್ಲ. ಹೆಸರಿನ ಗೊಂದಲ ವಿನ್ಯಾಸದ ಗೊಂದಲವೂ ಹೌದು.

ಐಂಡ್‌ಹೋವನ್ ತಂಡದ ಫಲಿತಾಂಶಕ್ಕೂ ಮಿತಿಯಿದೆ. ಅವರು ಅಳೆದದ್ದು ಇಂದಿನ ಅವಶೇಷವನ್ನು. ನಟರ ಹಿಂದೆ ನಿಂತಿದ್ದು ದನಿಯನ್ನು ಪ್ರೇಕ್ಷಕರತ್ತ ಪ್ರತಿಫಲಿಸುತ್ತಿದ್ದ ರಂಗಕಟ್ಟಡ ಈಗ ಅಡಿಪಾಯವಷ್ಟೇ, ಕಲ್ಲುಗಳೂ ಸವೆದಿವೆ. ಅಂದಿನ ಪ್ರೇಕ್ಷಕ ಇನ್ನಷ್ಟು ಚೆನ್ನಾಗಿ ಕೇಳಿರಬಹುದು. ಇಂದು ಬರೀ ಮೆಟ್ಟಿಲು ಕಟ್ಟಿ, ಹಿಂದಿನ ಗೋಡೆಯನ್ನು ಕೈಬಿಟ್ಟು, ರಸ್ತೆಯ ಪಕ್ಕದಲ್ಲಿ ಬಯಲು ರಂಗಮಂದಿರ ಮಾಡುವವರು ಈ ಅಂಶವನ್ನು ಗಮನಿಸಬೇಕು.

ನೀವು ಎಂದಾದರೂ ಅಲ್ಲಿಗೆ ಹೋದರೆ ನಾಣ್ಯ ಬೀಳಿಸಬೇಡಿ. ಏನು ಕೇಳಲಿದೆಯೆಂದು ಮೊದಲೇ ಗೊತ್ತಿದ್ದರೆ ಕಿವಿ ಅದನ್ನು ಸುಲಭವಾಗಿ ಹೆಕ್ಕಿಕೊಳ್ಳುತ್ತದೆ. ನಿಮಗೆ ತೋರಿಸದ ಇಪ್ಪತ್ತು ಬಿಡಿ ಪದಗಳನ್ನು ಸಂಗಡಿಗರೊಬ್ಬರು ಅಂಗಳದಿಂದ ಓದಲಿ. ಕೊನೆಯ ಸಾಲಿನಲ್ಲಿ ಕುಳಿತು ಕೇಳಿಸಿದ್ದನ್ನು ಬರೆದುಕೊಳ್ಳಿ, ಆಮೇಲೆ ತಾಳೆ ನೋಡಿ.