ಸೂಜಿ ಮನೆಗೆ ಬರಲಿ, ತೀರ್ಪು ಬೇಡ

ವಾಸಿಯಾಗದ ಕಾಯಿಲೆಯ ನಾಯಿಗೋ ಬೆಕ್ಕಿಗೋ ಕೊನೆಯ ಇಂಜೆಕ್ಷನ್ ಕೊಡಿಸಬೇಕಾಗಿ ಬಂದರೆ, ಅದನ್ನು ಕಾರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ಯುವುದಕ್ಕಿಂತ ಡಾಕ್ಟರನ್ನೇ ಮನೆಗೆ ಕರೆಸುವುದು ಮೇಲು ಎಂಬ ಅಭಿಪ್ರಾಯ ಬೆಂಗಳೂರಿನಂಥ ಊರುಗಳಲ್ಲಿ ಬೇರು ಬಿಡುತ್ತಿದೆ. ಪಶುವೈದ್ಯರು ಮನೆ ಬಾಗಿಲಿಗೆ ಬರುವುದರಲ್ಲಿ ಹೊಸತೇನೂ ಇಲ್ಲ. ಕರು ಹಾಕಲಾಗದೆ ಹಸು ಒದ್ದಾಡುವಾಗ ಹಳ್ಳಿಯ ಡಾಕ್ಟರು ಕೊಟ್ಟಿಗೆಗೇ ಬರುತ್ತಾರೆ. ಹಸುವೇನು ಆಸ್ಪತ್ರೆಗೆ ನಡೆದು ಹೋಗುತ್ತದೆಯೇ? ಹೊಸತಿರುವುದು ಪ್ರಾಣ ತೆಗೆಯುವುದಕ್ಕೆಂದೇ ಬರುವುದರಲ್ಲಿ, ಅದನ್ನೊಂದು ಪ್ರತ್ಯೇಕ ಸೇವೆಯಾಗಿ ಕಟ್ಟಿ ನಿಲ್ಲಿಸಿರುವುದರಲ್ಲಿ. ಅಮೆರಿಕದ ಫ್ಲಾರಿಡಾದಲ್ಲಿ ಪಶುವೈದ್ಯೆ ಡ್ಯಾನಿ ಮೆಕ್‌ವೆಟಿ 2009ರಲ್ಲಿ ಶುರುಮಾಡಿದ 'ಲ್ಯಾಪ್ ಆಫ್ ಲವ್' ಇಂದು ಆ ದೇಶದುದ್ದಕ್ಕೂ ಹಬ್ಬಿದ ವೈದ್ಯರ ಜಾಲ. ಅವರ ಕೆಲಸವೇ ಸಾಕುಪ್ರಾಣಿಗಳ ಕೊನೆಗಾಲದ ಆರೈಕೆ ಮತ್ತು ಮನೆಯಲ್ಲೇ ದಯಾಮರಣ. ಈ ಪದ್ಧತಿಯನ್ನು ಹೊಗಳುವವರು 'ಮನೆ' ಎಂಬ ಒಂದೇ ಮಾತಿನಲ್ಲಿ ವಾದ ಮುಗಿಸಿಬಿಡುತ್ತಾರೆ, ಬೈಯುವವರು 'ಕೊಲೆ' ಎಂಬ ಒಂದೇ ಮಾತಿನಲ್ಲಿ. ಇಲ್ಲಿ ಎರಡು ಬೇರೆಬೇರೆ ಕೆಲಸಗಳು ಒಂದೇ ಭೇಟಿಯಲ್ಲಿ ಕಲಸಿಹೋಗಿವೆ: ಪ್ರಾಣ ಹೋಗಬೇಕೆಂದು ತೀರ್ಮಾನಿಸುವುದು ಒಂದು, ಅದನ್ನು ನೋವಿಲ್ಲದೆ ನೆರವೇರಿಸುವುದು ಇನ್ನೊಂದು. ಎರಡನೆಯದಕ್ಕೆ ಮನೆಗಿಂತ ತಕ್ಕ ಜಾಗ ಇಲ್ಲ. ಮೊದಲನೆಯದಕ್ಕೆ ಅದೇ ಮನೆ, ಅದೇ ಗಳಿಗೆ, ಬಹಳ ಕೆಟ್ಟ ಜಾಗ.

ಎರಡನೆಯದನ್ನೇ ಮೊದಲು ನೋಡೋಣ. ಆಸ್ಪತ್ರೆಯ ಸ್ಟೀಲ್ ಮೇಜು, ಫಿನಾಯಿಲ್ ವಾಸನೆ, ಪಕ್ಕದ ಕೋಣೆಯಲ್ಲಿ ಬೊಗಳುವ ಅಪರಿಚಿತ ನಾಯಿ, ಇವೆಲ್ಲ ಆರೋಗ್ಯವಂತ ಪ್ರಾಣಿಯನ್ನೇ ನಡುಗಿಸುತ್ತವೆ. ಮನೆಯಲ್ಲಿ ಅಳೆದಾಗ ಸರಿಯಿದ್ದ ಬೆಕ್ಕಿನ ರಕ್ತದೊತ್ತಡ ಆಸ್ಪತ್ರೆಯಲ್ಲಿ ಏರುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಅದೇ ಪ್ರಾಣಿ ತನ್ನ ಮಾಮೂಲಿ ಗೋಣಿತಾಟಿನ ಮೇಲೆ ಮಲಗಿದ್ದರೆ ಡಾಕ್ಟರು ಮೊದಲು ಚರ್ಮದಡಿಗೋ ತೊಡೆಯ ಮಾಂಸಖಂಡಕ್ಕೋ ಮಂಪರಿನ ಇಂಜೆಕ್ಷನ್ ಕೊಡುತ್ತಾರೆ. ಐದರಿಂದ ಹದಿನೈದು ನಿಮಿಷದಲ್ಲಿ ತಲೆ ವಾಲುತ್ತದೆ. ಆಮೇಲೆ ಕಾಲಿನ ರೋಮ ಒಂದಿಷ್ಟು ಬೋಳಿಸಿ, ರಕ್ತನಾಳಕ್ಕೆ ಕ್ಯಾನುಲಾ ಹಾಕಿ, ಪೆಂಟೊಬಾರ್ಬಿಟಲ್‌ನಂಥ ಅರಿವಳಿಕೆ ಮದ್ದನ್ನು ಮಿತಿಮೀರಿದ ಪ್ರಮಾಣದಲ್ಲಿ ಬಿಡುತ್ತಾರೆ. ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ಪೂರ್ತಿ ಹೋಗುತ್ತದೆ, ಮೊದಲು ಉಸಿರು ನಿಲ್ಲುತ್ತದೆ, ನಿಮಿಷಗಳೊಳಗೆ ಹೃದಯ. ಕಣ್ಣು ತೆರೆದೇ ಇರಬಹುದು, ಉಚ್ಚೆ ಹೋಗಬಹುದು, ಸತ್ತ ಮೇಲೂ ಒಮ್ಮೆ ಎದೆ ಏರಿ ಇಳಿದು ನೋಡುವವರ ಜೀವ ಹಾರಿಸಬಹುದು. ಇವನ್ನೆಲ್ಲ ಮೊದಲೇ ಹೇಳದ ಡಾಕ್ಟರು ಒಳ್ಳೆಯ ಡಾಕ್ಟರಲ್ಲ.

ಆದರೆ ಈ ನೆಮ್ಮದಿ ಬಂದದ್ದು ಮನೆಯಿಂದ ಮಾತ್ರವಲ್ಲ, ಮದ್ದಿನ ಸರದಿಯಿಂದ. ಪೊಟ್ಯಾಸಿಯಂ ಕ್ಲೋರೈಡ್ ಹೃದಯವನ್ನು ನಿಲ್ಲಿಸುತ್ತದೆ. ಮ್ಯಾಗ್ನೀಸಿಯಂ ಸಲ್ಫೇಟ್ ಸ್ನಾಯುಗಳನ್ನು ಕಟ್ಟಿಹಾಕುತ್ತದೆ. ಎರಡೂ ಅರಿವನ್ನು ಅಳಿಸುವ ಮದ್ದುಗಳಲ್ಲ. ಅಮೆರಿಕದ ಪಶುವೈದ್ಯರ ಸಂಘ 2020ರಲ್ಲಿ ಪರಿಷ್ಕರಿಸಿದ ದಯಾಮರಣದ ಮಾರ್ಗಸೂಚಿ ಇವನ್ನು ಒಪ್ಪುವುದು ಪ್ರಾಣಿ ಆಗಲೇ ಪೂರ್ತಿ ಎಚ್ಚರ ತಪ್ಪಿದ್ದರೆ ಮಾತ್ರ. ಆ ಎಚ್ಚರಿಕೆ ಮೀರಿದರೆ ಹೊರಗೆ ಅಲುಗದ ದೇಹದೊಳಗೆ ಯಾತನೆ ನಡೆದಿರಬಹುದು, ಸುತ್ತ ಕೂತವರಿಗೆ ಅದು ಪ್ರಶಾಂತವಾಗಿ ಕಾಣಬಹುದು. ಹೂವು, ದೀಪ, ಮೆಚ್ಚಿನ ಹೊದಿಕೆ ಯಾವುದೂ ಇದನ್ನು ತಡೆಯುವುದಿಲ್ಲ. ಮನೆಗೆ ಬರುವವರನ್ನು 'ಮೊದಲು ಯಾವ ಮದ್ದು, ಆಮೇಲೆ ಯಾವುದು' ಎಂದು ಕೇಳುವುದಕ್ಕೆ ಸಂಕೋಚಪಡಬಾರದು. ಆಸ್ಪತ್ರೆಯಲ್ಲಾದರೆ ಕಾಂಪೌಂಡರ್ ಇರುತ್ತಾನೆ, ಇನ್ನೊಬ್ಬ ಡಾಕ್ಟರ್ ಇರುತ್ತಾರೆ. ಮನೆಯಲ್ಲಿ ಕಣ್ಣಿರುವವರೆಲ್ಲ ಅಳುತ್ತಿರುತ್ತಾರೆ.

ಈಗ ತೀರ್ಮಾನದ ಮಾತು. ಹದಿಮೂರು ವರ್ಷದ ನಾಯಿ ಒಂದು ಬೆಳಿಗ್ಗೆ ಏಳಲಾರದೆ ಬೀಳುತ್ತದೆ, ತಲೆ ಒಂದು ಪಕ್ಕಕ್ಕೆ ವಾಲಿದೆ, ಕಣ್ಣುಗುಡ್ಡೆ ಅತ್ತಿಂದಿತ್ತ ಓಡುತ್ತಿವೆ, ವಾಂತಿ ಬೇರೆ. ನೋಡಿದವರೆಲ್ಲ ಲಕ್ವ ಹೊಡೆದಿದೆ, ಕಥೆ ಮುಗಿಯಿತು ಎನ್ನುತ್ತಾರೆ. ಮುದಿ ನಾಯಿಗಳಲ್ಲಿ ಒಳಗಿವಿಯ ಸಮತೋಲನ ತಪ್ಪಿದಾಗ ಹೀಗೇ ಆಗುತ್ತದೆ, ಎಷ್ಟೋ ನಾಯಿಗಳು ಎರಡು ಮೂರು ದಿನಕ್ಕೆ ಚೇತರಿಸಿಕೊಳ್ಳಲು ತೊಡಗಿ, ಎರಡು ಮೂರು ವಾರದಲ್ಲಿ ವಾಲಿದ ತಲೆಯೊಂದು ಬಿಟ್ಟರೆ ಮೊದಲಿನಂತೆ ಓಡಾಡುತ್ತವೆ. ನಮ್ಮ ಕಡೆ ಉಣ್ಣೆ ಕಚ್ಚಿ ಬರುವ ಟಿಕ್ ಫೀವರ್ ಎಷ್ಟು ಸಾಮಾನ್ಯವೆಂದು ನಾಯಿ ಸಾಕಿದವರಿಗೆ ಹೇಳಬೇಕಿಲ್ಲ. ವಸಡು ಬಿಳಿಚಿ, ಮೂಗಿನಲ್ಲಿ ರಕ್ತ ಸೋರಿ, ತಟ್ಟೆಯ ಕಡೆ ತಿರುಗಿಯೂ ನೋಡದೆ ಬಿದ್ದ ನಾಯಿ ರಕ್ತಪರೀಕ್ಷೆ ಮಾಡಿಸಿ ಸರಿಯಾದ ಮಾತ್ರೆ ಕೊಟ್ಟರೆ ಎದ್ದುಬರುವುದುಂಟು. ಗರ್ಭಕೋಶದಲ್ಲಿ ಕೀವು ತುಂಬಿದ ಹೆಣ್ಣುನಾಯಿಯೂ ಸಾವಿನ ದವಡೆಯಲ್ಲಿದ್ದಂತೆಯೇ ಕಾಣುತ್ತದೆ, ಅದಕ್ಕೆ ಬೇಕಿರುವುದು ಆಪರೇಷನ್. ಇವನ್ನೆಲ್ಲ ಬೇರ್ಪಡಿಸಿ ಹೇಳಲು ರಕ್ತ, ಸ್ಕ್ಯಾನು, ಎಕ್ಸ್‌ರೇ ಬೇಕು. ಕೊನೆಯ ಇಂಜೆಕ್ಷನ್ನಿಗೆಂದೇ ಕರೆಸಿಕೊಂಡ, ಆ ಪ್ರಾಣಿಯನ್ನು ಹಿಂದೆ ಕಂಡಿರದ ಡಾಕ್ಟರ ಚೀಲದಲ್ಲಿ ಇವು ಇರುವುದಿಲ್ಲ. ಇನ್ನೂ ದೊಡ್ಡ ತೊಂದರೆ ಯಂತ್ರಗಳದ್ದಲ್ಲ. ಮನೆಯವರು ರಜೆ ಹಾಕಿದ್ದಾರೆ, ಮಕ್ಕಳಿಗೆ ಹೇಳಿಯಾಗಿದೆ, ಬೇರೆ ಊರಿನಿಂದ ಮಗಳು ಬಂದಿದ್ದಾಳೆ. ಆ ಕೋಣೆಯ ಭಾರವೆಲ್ಲ ಒಂದೇ ಕಡೆಗೆ ಎಳೆಯುತ್ತಿರುತ್ತದೆ. ಅಂಥಲ್ಲಿ ನಿಂತು 'ತಡೆಯಿರಿ, ಇದು ಬದುಕಬಹುದು' ಎನ್ನಲು ಎಂಟೆದೆ ಬೇಕು.

ಇದಕ್ಕೆ ಮದ್ದಾಗಿ ಅಂಕಪಟ್ಟಿಗಳಿವೆ. ಹೆಚ್ಚು ಹೆಸರಾದದ್ದು ಪ್ರಾಣಿಗಳ ಕ್ಯಾನ್ಸರ್ ವೈದ್ಯೆ ಆಲಿಸ್ ವಿಲ್ಲಲೋಬೋಸ್ 2004ರಲ್ಲಿ ರೂಪಿಸಿದ್ದು: ನೋವು, ಹಸಿವು, ನೀರಿನಂಶ, ಸ್ವಚ್ಛತೆ, ಸಂತೋಷ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚೇ ಎಂಬುದು, ಹೀಗೆ ಏಳಕ್ಕೂ ಹತ್ತರೊಳಗೆ ಅಂಕ. ಒಟ್ಟು 70ರಲ್ಲಿ 35 ದಾಟಿದರೆ ಆರೈಕೆ ಮುಂದುವರಿಸಬಹುದು. ದಿನಚರಿಯಾಗಿ ಇದು ಬಹಳ ಒಳ್ಳೆಯದು. ನಿನ್ನೆ ಎಷ್ಟು ತಿಂದಿತ್ತು, ಇವತ್ತು ಎಷ್ಟು ಹೆಜ್ಜೆ ಇಟ್ಟಿತು ಎಂದು ಗಮನಿಸುವುದನ್ನು ಕಲಿಸುತ್ತದೆ. ನ್ಯಾಯಾಧೀಶನಾಗಿ ಮಾತ್ರ ಸೋಲುತ್ತದೆ. ಅಂಕ ಕೊಡುವವರು ಸಾಕಿದವರೇ. ಲಿಫ್ಟಿಲ್ಲದ ಮೂರನೆಯ ಮಹಡಿಯಲ್ಲಿರುವ ನಾಯಿಗೆ ಓಡಾಟದ ಅಂಕ ಕಡಿಮೆ, ಅಂಗಳವಿರುವ ಮನೆಯ ನಾಯಿಗೆ ಅದೇ ಕೀಲುನೋವಿದ್ದರೂ ಹೆಚ್ಚು. ಸ್ವಚ್ಛತೆಯ ಅಂಕ ಎಷ್ಟೋ ಸಲ ಮನೆಯಲ್ಲಿ ನೆಲ ಒರೆಸುವವರ ದಣಿವನ್ನು ಅಳೆಯುತ್ತದೆ. ದಣಿವೂ ನಿಜವೇ, ಅದನ್ನು ಹಗುರ ಮಾಡಬೇಕಿಲ್ಲ. ನಾಯಿಯ ಲೆಕ್ಕಕ್ಕೆ ಜಮಾ ಮಾಡಬಾರದು, ಅಷ್ಟೆ.

ನಮ್ಮ ಕಾನೂನನ್ನು ಓದಿದರೆ ಒಂದು ವಿಚಿತ್ರ ಕಾಣುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ, ದಾರಿಯಲ್ಲಿ ನರಳುತ್ತಿರುವ ಪ್ರಾಣಿಯ ಒಡೆಯ ಸಿಗದಿದ್ದಾಗ ಅಥವಾ ಒಪ್ಪದಿದ್ದಾಗ ಪೊಲೀಸ್ ಅಧಿಕಾರಿ ಅದನ್ನು ಕೊಲ್ಲಿಸಬೇಕಾದರೆ ಪಶುವೈದ್ಯಾಧಿಕಾರಿಯ ಪ್ರಮಾಣಪತ್ರ ಬೇಕು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬೀದಿನಾಯಿಯ ಕಾಯಿಲೆ ವಾಸಿಯಾಗದ್ದೆಂದು ಸ್ಥಳೀಯ ಸಮಿತಿ ನೇಮಿಸಿದ ತಂಡವೇ ಗುರುತಿಸಬೇಕೆನ್ನುತ್ತವೆ. ಸೋಫಾದ ಮೇಲೆ ಬೆಳೆದ ಲ್ಯಾಬ್ರಡಾರಿಗೆ ರೂಢಿಯಲ್ಲಿರುವುದು ಒಡೆಯನ ಸಹಿ ಮತ್ತು ಒಬ್ಬ ಡಾಕ್ಟರ ವಿವೇಚನೆ. ಪ್ರೀತಿಯೇ ಕಾವಲು ಎಂದು ನಾವು ನಂಬಿದ್ದೇವೆ. ಪ್ರೀತಿ ಸಾಮಾನ್ಯವಾಗಿ ಕಾಯುತ್ತದೆ ಕೂಡ, ಆದರೆ ದಣಿದಾಗ, ದುಡ್ಡು ಖಾಲಿಯಾದಾಗ, ಮನೆ ಮಾಲೀಕ ಗೊಣಗಿದಾಗ ಅದರ ಕಣ್ಣು ಮಂಜಾಗುತ್ತದೆ. ಸರಕಾರದಿಂದ ಇನ್ನೊಂದು ಫಾರಂ ಬರಲಿ ಎಂದಲ್ಲ ಇದರರ್ಥ. ಮಾಮೂಲಿ ನೋಡುವ ಡಾಕ್ಟರರ ಬರಹದ ಅಭಿಪ್ರಾಯವಿಲ್ಲದೆ ಮನೆಗೆ ಬರುವುದಿಲ್ಲ ಎಂದು ಈ ಸೇವೆಯವರೇ ನಿಯಮ ಇಟ್ಟುಕೊಂಡರೆ ಸಾಕು.

ಕೊಡಲಾಗದ ಪ್ರಾಣವನ್ನು ತೆಗೆಯಲು ನಾವು ಯಾರು, ಕರ್ಮ ಸವೆಯುವ ತನಕ ಅದು ಅನುಭವಿಸಲಿ ಎಂಬ ಆಕ್ಷೇಪ ಹಳೆಯದು, ತೂಕವುಳ್ಳದ್ದು. ಪಾಂಜರಪೋಳಗಳನ್ನು ಕಟ್ಟಿ ಮುದಿ ದನಗಳನ್ನು ಸಾಯುವವರೆಗೂ ಸಾಕಿದ ಸಮುದಾಯಗಳು ಅದನ್ನು ಆಡಿ ತೋರಿಸಿದ್ದಲ್ಲ, ಮಾಡಿ ತೋರಿಸಿವೆ. 1928ರಲ್ಲಿ ಸಬರಮತಿ ಆಶ್ರಮದಲ್ಲಿ ಅಂಗ ಊನವಾಗಿ ನರಳುತ್ತಿದ್ದ ಕರುವಿಗೆ ಗಾಂಧೀಜಿ ಡಾಕ್ಟರಿಂದ ವಿಷದ ಇಂಜೆಕ್ಷನ್ ಕೊಡಿಸಿದಾಗ ಎದ್ದದ್ದೂ ಇದೇ ಆಕ್ಷೇಪ, ಸಿಟ್ಟಿನ ಕಾಗದಗಳ ರಾಶಿಯೇ ಬಂತು. ದಯಾಮರಣದ ಪರವಾಗಿರುವವರು ಈ ಪ್ರಸಂಗವನ್ನು ಅಪ್ಪಣೆಚೀಟಿಯಂತೆ ತೋರಿಸುವುದುಂಟು. ಅದು ನಡೆದ ಕ್ರಮವನ್ನು ನೋಡಬೇಕು. ಕರು ಉಳಿಯುವುದಿಲ್ಲವೆಂದು ಪಶುವೈದ್ಯರು ಮೊದಲೇ ಕೈಚೆಲ್ಲಿದ್ದರು. ಆಶ್ರಮದವರ ನಡುವೆ ಚರ್ಚೆಯಾಯಿತು, ಗಟ್ಟಿಯಾಗಿ ವಿರೋಧಿಸಿದವರ ಮಾತೂ ಬಿತ್ತು. ಪ್ರಾಣ ತೆಗೆಯುವುದರ ಹಿಂದೆ ತನ್ನ ಸ್ವಾರ್ಥವಿದ್ದರೆ ಆ ಆಕ್ಷೇಪ ನಿಲ್ಲುತ್ತದೆ, ಇಲ್ಲದಿದ್ದರೆ ನಿಲ್ಲುವುದಿಲ್ಲ ಎಂಬುದು ಗಾಂಧೀಜಿಯ ಉತ್ತರವಾಗಿತ್ತು. ಡಾಕ್ಟರು ಸೂಜಿ ಹಿಡಿದದ್ದು ಇಷ್ಟೆಲ್ಲ ಆದ ಮೇಲೆ. ಕರ್ಮದ ವಾದಕ್ಕೆ ಇದು ಪೂರ್ತಿ ಉತ್ತರವಲ್ಲ. ಆ ನಂಬಿಕೆಯವರು ಕೊನೆತನಕ ಆರೈಕೆ ಮಾಡಲಿ, ಆದರೆ ನೋವಿನ ಮಾತ್ರೆಯನ್ನಾದರೂ ಕೊಡಲಿ. ಮೂತ್ರಪಿಂಡ ಕೈಕೊಟ್ಟ ಬೆಕ್ಕಿನ, ಶ್ವಾಸಕೋಶದಲ್ಲಿ ನೀರು ತುಂಬಿದ ನಾಯಿಯ 'ಸಹಜ' ಸಾವು ದೂರದಿಂದ ಕಾಣುವಷ್ಟು ಸೌಮ್ಯವಲ್ಲ.

ತೀರ್ಮಾನವನ್ನು ಬೇರೆ ಮಾಡಿದರೆ ಪ್ರಾಣಿ ಇನ್ನಷ್ಟು ದಿನ ನರಳುತ್ತದಲ್ಲ ಎಂದು ಕೇಳಬಹುದು. ಹೊಟ್ಟೆ ತಿರುಚಿಕೊಂಡ ನಾಯಿಗೆ, ಲಾರಿಗೆ ಸಿಕ್ಕ ನಾಯಿಗೆ ಕಾಯುವ ಮಾತೇ ಇಲ್ಲ, ಅವು ನೇರ ಆಸ್ಪತ್ರೆಗೇ ಹೋಗಬೇಕು. ಮನೆಗೆ ಕರೆಸುವ ಸೇವೆ ಸ್ವಭಾವತಃ ಮೊದಲೇ ದಿನ ಗೊತ್ತುಮಾಡಿ ನಡೆಯುವಂಥದ್ದು. ಹಾಗೆ ನೋಡಿದರೆ ಸಾಕಿದವರು ಆತುರಪಡುವುದಕ್ಕಿಂತ ಮುಂದೂಡುವುದೇ ಹೆಚ್ಚೇನೋ. ಇನ್ನೊಂದು ಹಬ್ಬ ಕಳೆಯಲಿ, ಮಗನ ಪರೀಕ್ಷೆ ಮುಗಿಯಲಿ ಎಂದು ತಳ್ಳುತ್ತ ಹೋಗುತ್ತಾರೆ. ರೋಗ ಗೊತ್ತಾದ ದಿನವೇ ಡಾಕ್ಟರೊಂದಿಗೆ ಕೂತು ಗೆರೆ ಎಳೆದುಕೊಂಡರೆ ಎರಡೂ ತಪ್ಪುತ್ತವೆ. ತಾನಾಗಿ ಎದ್ದು ಉಚ್ಚೆಗೆ ಹೋಗಲಾರದಾದರೆ, ಎರಡು ದಿನ ಮೆಚ್ಚಿನ ತಿಂಡಿಯನ್ನೂ ಮೂಸದಿದ್ದರೆ, ಮಲಗಿದಾಗಲೂ ಏದುಸಿರು ನಿಲ್ಲದಿದ್ದರೆ ಮಾಡುವುದೇನೆಂದು ಬರೆದಿಟ್ಟುಕೊಳ್ಳುವುದು ಹಾಗೆ.

ಉಳಿದ ಅಲಂಕಾರಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಜೇಡಿಮಣ್ಣಿನಲ್ಲಿ ಪಾದದ ಅಚ್ಚು, ಒಂದು ಕುಚ್ಚು ರೋಮ, ಫೋಟೊ, ಇವು ಬದುಕಿರುವವರಿಗಾಗಿ, ಅದರಲ್ಲಿ ತಪ್ಪಿಲ್ಲ. ಹೂಳುವುದಾದರೆ ಗುಂಡಿ ಆಳವಿರಬೇಕು: ಪೆಂಟೊಬಾರ್ಬಿಟಲ್ ಕಳೇಬರದಲ್ಲಿ ಉಳಿಯುತ್ತದೆ, ಅಗೆದು ತಿಂದ ಬೀದಿನಾಯಿಯೂ ಹದ್ದೂ ಸಾಯುತ್ತವೆ. ಹಣದ ವಿಷಯದಲ್ಲಿ ಮಾತ್ರ ಪದ್ಧತಿ ಬದಲಾಗಬೇಕು. ಡಾಕ್ಟರ ಸಂಭಾವನೆ ಇಂಜೆಕ್ಷನ್ನಿಗೆ ಗಂಟುಬಿದ್ದಿರುವ ತನಕ ಚೀಲ ಬಿಚ್ಚದೆ ಹಿಂದಿರುಗುವುದು ಅವರಿಗೆ ನಷ್ಟದ ವ್ಯವಹಾರ. ಬಂದು ನೋಡಿದ್ದಕ್ಕೆ ಬೇರೆ ಫೀಸು, ಇಂಜೆಕ್ಷನ್ನಿಗೆ ಬೇರೆ ಫೀಸು ಎಂದಿರಲಿ. ಪ್ರಾಣಿಯನ್ನು ಮುಟ್ಟಿ ನೋಡಿ, ರಕ್ತಪರೀಕ್ಷೆ ಬರೆದುಕೊಟ್ಟು, ಸೋಮವಾರ ಫೋನ್ ಮಾಡಿ ಎಂದು ಎದ್ದುಹೋದ ಡಾಕ್ಟರಿಗೂ ಪೂರ್ತಿ ಫೀಸು ಸಲ್ಲಬೇಕು.